ಓಡುವ ಫಾಸ್ಟ್, ನಿಲ್ಲುವ ಫಾಸ್ಟ್

ಮನೆ ಕಟ್ಟಿಸಿದವರಿಗೆಲ್ಲ 'ಹೋಲ್ಡ್ ಫಾಸ್ಟ್' ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಮೇಸ್ತ್ರಿ ಗೊತ್ತು ಮಾಡಿಸುತ್ತಾರೆ. ಎರಡು ಬೆರಳಗಲದ, ಹೆಚ್ಚೂಕಮ್ಮಿ ಗೇಣುದ್ದದ ಕಬ್ಬಿಣದ ಪಟ್ಟಿ ಅದು. ಒಂದು ತುದಿಯನ್ನು ಚೌಕಟ್ಟಿನ ಮರಕ್ಕೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಇನ್ನೊಂದು ತುದಿ ಮೀನಿನ ಬಾಲದ ಹಾಗೆ ಎರಡಾಗಿ ಸೀಳಿರುತ್ತದೆ. ಆ ತುದಿ ಗೋಡೆಯೊಳಗೆ ಹೋಗಿ ಕಾಂಕ್ರೀಟಿನಲ್ಲಿ ಹೂತುಕೊಳ್ಳುತ್ತದೆ. ಸಾಮಾನ್ಯವಾಗಿ ಬಾಗಿಲಿನ ಒಂದೊಂದು ಪಕ್ಕಕ್ಕೆ ಮೂರು. ಗಾರೆ ಬಳಿದ ಮೇಲೆ ಅದು ಅಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಮನೆಮಂದಿ ವರ್ಷಗಟ್ಟಲೆ ಬಾಗಿಲನ್ನು ದಢಾರ್ ಅಂತ ಹಾಕಿದರೂ ಚೌಕಟ್ಟು ಅಲುಗದೆ ನಿಂತಿರುವುದು ಅದರಿಂದಲೇ.

"ಹೋಲ್‌ಪಾಸ್ ಬಂದಿಲ್ಲ ಸಾರ್, ಇವತ್ತು ಚೌಕಟ್ಟು ನಿಲ್ಸಕ್ಕಾಗಲ್ಲ" ಅಂದರು ನಮ್ಮ ಮೇಸ್ತ್ರಿ. ಮರಳಿನ ಗುಡ್ಡೆ ಮೇಲೆ ಆಡುತ್ತಿದ್ದ ಅಕ್ಕನ ಮಗನಿಗೆ ಅದರ ಸರಿಯಾದ ಹೆಸರು ಹೇಳಿದೆ. "ಫಾಸ್ಟ್ ಅಂದ್ರೆ ಸ್ಪೀಡ್ ಅಲ್ವಾ ಮಾಮಾ? ಬಾಗಿಲು ಎಲ್ಲಿಗೆ ಓಡುತ್ತೆ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಓಡಬಾರದು ಅಂತ ಹಾಕುವ ಕಬ್ಬಿಣಕ್ಕೆ ಓಟದ ಹೆಸರು ಯಾಕೆ?

ಉತ್ತರ ಸುಲಭ, ಆದರೆ ತಲೆಕೆಳಗು. ನಿಲ್ಲುವ 'ಫಾಸ್ಟ್' ಹಳೆಯದು, ಓಡುವ 'ಫಾಸ್ಟ್' ಆಮೇಲೆ ಬಂದದ್ದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ಫ್ಯಾಸ್ಟ್' ಅಂದರೆ ಗಟ್ಟಿ, ಭದ್ರ, ಅಲುಗದ್ದು. ವೇಗದ ಸುಳಿವೇ ಅದರಲ್ಲಿ ಇರಲಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಆ ಹಳೆಯ ಅರ್ಥ ಮೂಲೆ ಸೇರಿದೆ, ಸತ್ತಿಲ್ಲ. ಗಾಢ ನಿದ್ದೆಗೆ 'ಫಾಸ್ಟ್ ಅಸ್ಲೀಪ್' ಅನ್ನುತ್ತಾರೆ. ಬೇಗ ಬೇಗ ನಿದ್ದೆ ಮಾಡುವುದು ಅಂತಲ್ಲ, ಕದಲದ ನಿದ್ದೆ. ಕೆಸರಲ್ಲಿ ಹೂತ ಗಾಡಿ 'ಸ್ಟಕ್ ಫಾಸ್ಟ್'. ಮಾತಿಗೆ ತಪ್ಪದವರು 'ಸ್ಟೆಡ್‌ಫಾಸ್ಟ್', ಅಂದರೆ ನಿಂತ ಜಾಗದಲ್ಲಿ ಗಟ್ಟಿಯಾಗಿ ನಿಂತವರು. ಬೆಟ್ಟದ ಮೇಲಿನ ಕೋಟೆಗೆ 'ಫಾಸ್ಟ್‌ನೆಸ್' ಅನ್ನುವ ಹೆಸರೂ ಇದೆ. ಅಲ್ಲಿಗೆ ಹತ್ತಿ ಹೋಗುವವನ ಪಾಡು ನೋಡಿದರೆ ವೇಗಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ ಅನ್ನುವುದು ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಮುದಿಯಾದ ಈ ಅರ್ಥ ನಮ್ಮ ಗಾರೆ ಕೆಲಸದವರ ಬಾಯಲ್ಲಿ ದಿನಾ ಓಡಾಡಿಕೊಂಡಿದೆ ಅನ್ನುವುದು ನನಗೆ ಭಾರಿ ಖುಷಿಯ ಸಂಗತಿ.

ಈ 'ಫಾಸ್ಟ್'ನ ಹಿಂದಕ್ಕೂ ಒಂದು ದಾರಿ ಇದೆ. ಸಂಸ್ಕೃತದ 'ಪ' ಇದ್ದ ಕಡೆ ಇಂಗ್ಲಿಷಿನಲ್ಲಿ 'ಫ' ಸಿಗುವುದು ಹಳೆಯ ವಿಚಾರ. ಪಿತೃ ಫಾದರ್, ಪಾದ ಫುಟ್, ಪಂಚ ಫೈವ್. ಅದೇ ಲೆಕ್ಕದಲ್ಲಿ ಋಗ್ವೇದದಲ್ಲಿ ಬರುವ 'ಪಸ್ತ್ಯ' ಎಂಬ ಪದವನ್ನು ಭಾಷಾತಜ್ಞರು ಫಾಸ್ಟ್‌ನ ದೂರದ ನೆಂಟ ಅನ್ನುತ್ತಾರೆ. ಪಸ್ತ್ಯ ಅಂದರೆ ಮನೆ, ನೆಲೆ. ಅಲೆಯುವುದನ್ನು ಬಿಟ್ಟು ಒಂದು ಕಡೆ ನಿಲ್ಲುವ ಜಾಗ. ಸ್ವೀಡನ್ನಿನವರು ಇವತ್ತಿಗೂ ಮನೆ-ಜಮೀನಿಗೆ 'ಫಾಸ್ಟಿಗೆಟ್' ಅನ್ನುತ್ತಾರೆ. ನಮ್ಮ ನೋಂದಣಿ ಕಚೇರಿಯ ಕನ್ನಡದಲ್ಲಿ ಹೇಳಬೇಕಂದರೆ, ಸ್ಥಿರಾಸ್ತಿ.

ಇನ್ನು 'ಫಾಸನ್'. ಫಾಸ್ಟ್ ಮಾಡುವುದೇ ಫಾಸನ್, ಗಟ್ಟಿ ಮಾಡುವುದು. ಬರೆಯುವಾಗ ನಡುವೆ 'ಟ' ಇದೆ, ಓದುವಾಗ ಇಲ್ಲ. ಲಿಸನ್, ಕ್ಯಾಸಲ್, ವಿಸಲ್ ಎಲ್ಲದರಲ್ಲೂ ಇದೇ ಕಥೆ. ಮುಂದೆ ಸಕಾರ, ಹಿಂದೆ ನಕಾರವೋ ಲಕಾರವೋ ಬಂದು ನಡುವೆ ಸಿಕ್ಕಿಕೊಂಡ ಟಕಾರ ಇಂಗ್ಲಿಷರ ನಾಲಿಗೆಯಲ್ಲಿ ಕಾಲಕ್ರಮೇಣ ಉದುರಿತು. ಬರವಣಿಗೆಗೆ ಆ ಸುದ್ದಿ ತಲುಪಲೇ ಇಲ್ಲ. ನಮ್ಮವರು 'ಫಾಸ್ಟನ್' ಅಂತ ಕಂಡದ್ದನ್ನು ಕಂಡ ಹಾಗೆ ಓದಿದರೆ ನಗುವವರಿದ್ದಾರೆ. ಹಾಗೆ ಓದುವವರು ಕೆಲವು ಶತಮಾನದ ಹಿಂದಿನ ಶುದ್ಧ ಉಚ್ಚಾರಣೆಯನ್ನೇ ಮಾಡುತ್ತಿದ್ದಾರೆ ಅಂತ ಆ ನಗುವವರಿಗೆ ಯಾರೂ ಹೇಳಿದ ಹಾಗಿಲ್ಲ.

ಕನ್ನಡಕ್ಕೆ ಫಾಸನ್ ಅನ್ನು ತರುವುದು ಸುಮ್ನೆ ತಲೆನೋವು. ಇಂಗ್ಲಿಷಿನವರು ಈ ಒಂದೇ ಪದದಲ್ಲಿ ಗುಂಡಿ, ಬೆಲ್ಟು, ಕಿಟಕಿ, ದೋಣಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ನಾವು ಹಾಗಲ್ಲ. ಏನನ್ನು, ಯಾವುದರಿಂದ ಅನ್ನುವುದು ನಮಗೆ ಮುಖ್ಯ. ಗುಂಡಿ ಹಾಕುತ್ತೇವೆ, ಲಾಡಿ ಕಟ್ಟುತ್ತೇವೆ, ಪಿನ್ನು ಚುಚ್ಚುತ್ತೇವೆ, ಮೊಳೆ ಹೊಡೆಯುತ್ತೇವೆ. ಚಿಲಕ ಹಾಕುತ್ತೇವೆ, ಜಿಪ್ ಎಳೆಯುತ್ತೇವೆ, ನಟ್ಟು ಬಿಗಿಯುತ್ತೇವೆ. ದಿಟ್ಟಿಸಿ ನೋಡುವುದಕ್ಕೂ ಅವರಲ್ಲಿ ಫಾಸನ್ ಇದೆ. 1611ರ ಇಂಗ್ಲಿಷ್ ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿ ಯೇಸು ಓದಿ ಮುಗಿಸಿ ಕೂತಾಗ, ಅಲ್ಲಿದ್ದ ಎಲ್ಲರ ಕಣ್ಣು ಅವನಿಗೆ ಫಾಸನ್ ಆಗುತ್ತದೆ. ನಮ್ಮಲ್ಲಿ ಕಣ್ಣನ್ನು ಕಟ್ಟಿದರೆ ಬೇರೆಯೇ ಆಗುತ್ತದೆ, ಅದು ಮಾಟದವರ ಕೆಲಸ. ನಾವು ಕಣ್ಣು ನೆಡುತ್ತೇವೆ, ಸಸಿ ನೆಟ್ಟಂತೆ.

ವಿಮಾನದಲ್ಲಿ ಎದುರಿನ ಸೀಟಿನ ಬೆನ್ನಿಗೆ ಅಂಟಿಸಿದ ಚೀಟಿ ಇರುತ್ತದಲ್ಲ, ಕೂತಿರುವಷ್ಟು ಹೊತ್ತು ಬೆಲ್ಟು ಫಾಸನ್ ಮಾಡಿಕೊಂಡಿರಿ ಅಂತ. ಅದರ ಹಿಂದಿಯಲ್ಲಿ 'ಬಾಂಧ್' ಬರುತ್ತದೆ, ಕಟ್ಟು ಅಂತ. ಕನ್ನಡದಲ್ಲಿ ಬರೆದರೆ 'ಕಟ್ಟಿಕೊಳ್ಳಿ' ಅಂತಲೇ ಬರೆಯಬಹುದು. ಆದರೆ ನಿಜವಾಗಿ ಯಾರೂ ಬೆಲ್ಟು 'ಕಟ್ಟಿಕೊಳ್ಳುವುದಿಲ್ಲ'. "ಬೆಲ್ಟ್ ಹಾಕ್ಕೊಳ್ಳಿ" ಅನ್ನುತ್ತೇವೆ. ಕಟ್ಟಬೇಕಾದರೆ ಗಂಟು ಬೇಕು. ಕ್ಲಿಕ್ ಅನ್ನುವ ಬಕಲ್ಲಿಗೆ ಗಂಟಿಲ್ಲ. ಈ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಿಲ್ಲ, ಆದರೂ ಯಾರೂ ತಪ್ಪುವುದಿಲ್ಲ.

ಸಾಧನ ಯಾವುದು ಅನ್ನುವುದು ಫಾಸನ್‌ಗೆ ಬೇಕಾಗಿಯೇ ಇಲ್ಲ. ಹಗ್ಗವೋ, ಗುಂಡಿಯೋ, ಮೊಳೆಯೋ, ಕಣ್ಣೋ ಯಾವುದಾದರೂ ಸರಿ. ಕೊನೆಗೆ ಅದು ಅಲುಗಬಾರದು, ಅಷ್ಟೇ. ಫಾಸನ್ ಹೇಳುವುದು ಬಿಗಿಯನ್ನು. ಹೀಗೆ ನೋಡಿದರೆ ಮುಂದಿನ ಕಥೆಯೆಲ್ಲ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ 'ಫ್ಯಾಸ್ಟ್ನಿಯನ್'. ವಸ್ತುಗಳನ್ನು ಭದ್ರ ಮಾಡುವುದರ ಜೊತೆಗೆ ಇದಕ್ಕೆ ಇನ್ನೊಂದು ಕೆಲಸವಿತ್ತು. ಒಪ್ಪಂದವನ್ನು ಖಾಯಂ ಮಾಡುವುದು, ಮದುವೆಯ ಮಾತು ಮುಗಿಸುವುದು. ನಮ್ಮ ಕಡೆ ಹೆಣ್ಣು ನೋಡಲು ಹೋದವರು ವಾಪಸ್ ಬಂದಾಗ ಕೇಳುವ ಪ್ರಶ್ನೆ ನೆನಪಿಸಿಕೊಳ್ಳಿ. "ಗಟ್ಟಿ ಆಯ್ತಾ?" ಯಾವುದು ಗಟ್ಟಿ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಸಂಬಂಧ ಗಟ್ಟಿ, ಮಾತು ಗಟ್ಟಿ. ಇದು ಅಪ್ಪಟ ಫ್ಯಾಸ್ಟ್ನಿಯನ್. ಸ್ಕಾಟ್ಲೆಂಡಿನಲ್ಲಿ, ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಇಂಥ ನಿಶ್ಚಯಕ್ಕೆ 'ಹ್ಯಾಂಡ್‌ಫಾಸ್ಟಿಂಗ್' ಅನ್ನುತ್ತಿದ್ದರು. ಗಂಡು ಹೆಣ್ಣು ಕೈ ಕೈ ಹಿಡಿದು ಮಾತು ಕೊಟ್ಟರೆ ಮುಗಿಯಿತು. ಪಾಣಿಗ್ರಹಣ ಅನ್ನುವ, 'ಕೈ ಹಿಡಿದ ಹೆಂಡತಿ' ಅನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಗಟ್ಟಿಯಾಗಿ ನಿಂತಿದ್ದ ಪದ ಓಡಲು ಶುರು ಮಾಡಿದ್ದು ಹೇಗೆ? 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ 'ಫಾಸ್ಟ್ ಆಗಿ' ಓಡುವವರು ಕಾಣಿಸಿಕೊಳ್ಳುತ್ತಾರೆ. 'ಫಾಸ್ಟ್ ಕುದುರೆ' ಅಂತ ವಸ್ತುವಿಗೇ ವೇಗದ ಗುಣ ಹಚ್ಚುವುದು ಇನ್ನೂ ತಡ, 16ನೇ ಶತಮಾನ. ಅಂದರೆ ಮೊದಲು ಬದಲಾದದ್ದು ಕೆಲಸ ಮಾಡುವ ರೀತಿಯನ್ನು ಹೇಳುವ ಫಾಸ್ಟ್. ಫಾಸ್ಟ್ ಆಗಿ ಹಿಡಿ ಅಂದರೆ ಗಟ್ಟಿಯಾಗಿ ಹಿಡಿ. ಫಾಸ್ಟ್ ಆಗಿ ಹೊಡೆದಾಡು ಅಂದರೆ ಬಲವಾಗಿ, ಹಿಡಿತ ಸಡಿಲಿಸದೆ ಹೊಡೆದಾಡು. ಹಾಗೇ ಫಾಸ್ಟ್ ಆಗಿ ಓಡು ಅಂದರೆ ಇದ್ದ ಬಲವನ್ನೆಲ್ಲ ಹಾಕಿ ಓಡು. ಬಲ ಹಾಕಿ ಓಡಿದವನು ಬೇಗ ಮುಟ್ಟುತ್ತಾನೆ. ಕೇಳಿದವರ ಕಿವಿಯಲ್ಲಿ ಬಲ ಹೋಗಿ ಬೇಗ ಉಳಿಯಿತು.

ಇದು ಇಂಗ್ಲಿಷಿನವರಿಗೆ ವಿಚಿತ್ರ ಅನ್ನಿಸಬಹುದು. ತನಗೆ ತಾನೇ ಎದುರಾದ ಪದಗಳ ಪಟ್ಟಿ ಮಾಡುವಾಗೆಲ್ಲ ಅವರು ಫಾಸ್ಟನ್ನು ಹೆಮ್ಮೆಯಿಂದ ಮೊದಲ ಸಾಲಿಗೆ ಹಾಕುತ್ತಾರೆ. ನನಗೆ ಇದರಲ್ಲಿ ವಿಚಿತ್ರ ಕಾಣುವುದಿಲ್ಲ. ಯಾಕಂದರೆ ನನ್ನ ಬಾಯಲ್ಲೇ 'ಜೋರು' ಇದೆ. ಪಾರ್ಸಿಯಿಂದ ಬಂದ ಪದ, ಮೂಲದಲ್ಲಿ ಅದರ ಅರ್ಥ ಬಲ, ಶಕ್ತಿ. ಜೋರಾಗಿ ತಳ್ಳು ಅನ್ನುವಾಗ ಬಲವೇ. ಜೋರಾಗಿ ಮಾತಾಡು ಅನ್ನುವಾಗ ಅದು ದನಿಯ ಮಟ್ಟವಾಯಿತು. ಗಾಡಿ ಜೋರಾಗಿ ಓಡಿಸಬೇಡ ಅನ್ನುವಾಗ ಅಚ್ಚುಕಟ್ಟಾಗಿ ವೇಗವಾಯಿತು. ಅಲ್ಲಿ ಬಲದ ಮಾತೇ ಇಲ್ಲ, ಕಾಲಿನ ಕೆಳಗಿನ ಪೆಡಲನ್ನು ಹೆಬ್ಬೆರಳಿನಲ್ಲಿ ಒತ್ತಿದರೂ ಗಾಡಿ ಜೋರು. "ಅವಳು ಭಾರಿ ಜೋರು" ಅಂದರೆ ಇನ್ನೊಂದು. ಫಾಸ್ಟ್ ನಡೆದ ದಾರಿಯಲ್ಲೇ ಜೋರು ನಡೆದಿದೆ, ಅದೂ ನಮ್ಮ ಕಣ್ಣೆದುರಿಗೇ.

'ಗಟ್ಟಿ' ಅರ್ಧ ದಾರಿಗೆ ಬಂದು ಇನ್ನೊಂದು ಕಡೆ ತಿರುಗಿತು. ಗಟ್ಟಿಯಾಗಿ ಹಿಡಿ, ಗಟ್ಟಿಯಾಗಿ ಓದು. ಎರಡನೆಯದರಲ್ಲಿ ಗಟ್ಟಿ ಅಂದರೆ ದೊಡ್ಡ ದನಿ. ಗಟ್ಟಿಯಾಗಿ ಓಡು ಅಂತ ಯಾರೂ ಅನ್ನುವುದಿಲ್ಲ. ನಾಳೆ ಅಂದರೂ ಅನ್ನಬಹುದು, ಅಡ್ಡಿ ಏನಿದೆ? 'ಬಿಗಿ' ಇನ್ನೂ ತಮಾಷೆ. ಹಗ್ಗ ಬಿಗಿ, ನಟ್ಟು ಬಿಗಿ ಅನ್ನುವ ತನಕ ಅದು ಸಭ್ಯ ಪದ. "ಕಪಾಳಕ್ಕೆ ಎರಡು ಬಿಗಿದ" ಅಂದಾಗ ಅಲ್ಲಿ ಯಾವ ಹಗ್ಗವೂ ಇಲ್ಲ, ಬರೀ ಬಲ ಉಳಿದಿದೆ. ಗಟ್ಟಿಯಾಗಿ ಹಿಡಿಯುವ, ಎಳೆದು ಕಟ್ಟುವ ಮಾತುಗಳೆಲ್ಲ ತಮ್ಮ ಹಗ್ಗವನ್ನು ಎಲ್ಲೋ ಬಿಟ್ಟು ಬಲವನ್ನಷ್ಟೇ ಹೊತ್ತುಕೊಂಡು ಹೊರಡುತ್ತವೆ. ಆಮೇಲೆ ಎಲ್ಲಿಗೆ ಹೋಗುತ್ತವೆ ಅನ್ನುವುದು ಆಯಾ ಭಾಷೆಯ ಮರ್ಜಿ. ಇಂಗ್ಲಿಷಿನಲ್ಲಿ ಓಟಕ್ಕೆ ಹೋಯಿತು, ಕನ್ನಡದಲ್ಲಿ ಗಂಟಲಿಗೂ ಕಪಾಳಕ್ಕೂ ಹೋಯಿತು.

ವೇಗದ ಅರ್ಥಕ್ಕೆ ಇನ್ನೊಂದು ವಿವರಣೆಯೂ ಇದೆ. ಹಳೆಯ ಇಂಗ್ಲಿಷಿನಲ್ಲಿ ಫಾಸ್ಟ್ ಅಂದರೆ 'ಅಂಟಿಕೊಂಡ ಹಾಗೆ ಹತ್ತಿರ' ಅನ್ನುವ ಅರ್ಥವೂ ಇತ್ತು. ಓಡುವ ಬೇಟೆಯ ಹಿಂದೆ ಫಾಸ್ಟ್ ಆಗಿ ಹೋಗುವುದು ಅಂದರೆ ಅದರ ಬೆನ್ನಿಗೆ ಅಂಟಿಕೊಂಡು ಹೋಗುವುದು. ಜಿಂಕೆಯ ಬೆನ್ನಿಗೆ ಅಂಟಿಕೊಳ್ಳಬೇಕಂದರೆ ಜಿಂಕೆಯಷ್ಟೇ ವೇಗ ಬೇಕಲ್ಲ. 'ಬೆನ್ನು ಹತ್ತು' ಅನ್ನುವ ನಮ್ಮ ಮಾತನ್ನು ಇಲ್ಲಿ ಇಟ್ಟು ನೋಡಿದರೆ ಈ ವಿವರಣೆ ಏನೂ ಹುಡುಗಾಟವಲ್ಲ. ಎರಡರಲ್ಲಿ ನನಗೆ ಹೆಚ್ಚು ನಂಬಿಕೆ ಮೊದಲನೆಯದರ ಮೇಲೆ. ಇಂಗ್ಲಿಷಿನ 'ಹಾರ್ಡ್' ಕೂಡ ಅದಕ್ಕೆ ಸಾಕ್ಷಿ. ಮಳೆ ಹಾರ್ಡ್ ಆಗಿ ಸುರಿಯುತ್ತದೆ, ಕುದುರೆಯನ್ನು ಹಾರ್ಡ್ ಆಗಿ ಓಡಿಸುತ್ತಾರೆ. ಗಟ್ಟಿತನದಿಂದ ಬಲಕ್ಕೆ ಹೋಗುವುದು ಪದಗಳಿಗೆ ರೂಢಿಯ ದಾರಿ.

ಮೂರನೆಯ ಫಾಸ್ಟ್ ಉಪವಾಸದ್ದು. ಮಧುಮೇಹ ಇರುವವರ ಮನೆಯಲ್ಲಿ ಇದು ದಿನಬಳಕೆಯ ಪದ. "ಫಾಸ್ಟಿಂಗ್ ಎಷ್ಟು ಬಂತು, ಪಿಪಿ ಎಷ್ಟು ಬಂತು" ಅನ್ನುವ ಮಾತಿಗೆ ಅನುವಾದವೇ ಬೇಡ. ಲ್ಯಾಬಿನ ಬೆಂಚಿನ ಮೇಲೆ ಹೊಟ್ಟೆ ಚುರುಗುಟ್ಟುತ್ತಾ ಕೂತ ಹಿರಿಯರನ್ನು ನೋಡಿ. ಒಬ್ಬರು ಗಡಿಯಾರ ನೋಡುತ್ತಾರೆ, ಇನ್ನೊಬ್ಬರು ಚೀಲದಲ್ಲಿ ಬಾಳೆಹಣ್ಣು ಇದೆಯಾ ಅಂತ ಮುಟ್ಟಿ ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಕಾಲಕ್ಕೆ ವೇಗ ಅನ್ನುವುದೇ ಇರುವುದಿಲ್ಲ.

ಇದೂ ಅದೇ ಬುಡದ ಪದ. 4ನೇ ಶತಮಾನದಲ್ಲಿ ಬೈಬಲ್ ಗೋಥಿಕ್ ಎಂಬ ಭಾಷೆಗೆ ಅನುವಾದವಾಯಿತು. ಇಂಗ್ಲಿಷಿಗೆ ದಾಯಾದಿಯಾದ ಭಾಷೆ ಅದು, ಈಗ ಮಾತಾಡುವವರಿಲ್ಲ. ಅದರಲ್ಲಿ 'ಫಾಸ್ಟನ್' ಅನ್ನುವ ಕ್ರಿಯಾಪದ ಎರಡು ಕಡೆ ಕೆಲಸ ಮಾಡುತ್ತದೆ. ಆಜ್ಞೆಯನ್ನು ಪಾಲಿಸುವುದೂ ಫಾಸ್ಟನ್, ಊಟ ಬಿಡುವುದೂ ಫಾಸ್ಟನ್. ನೇಮವನ್ನು ಗಟ್ಟಿಯಾಗಿ ಹಿಡಿಯುವುದು ಅನ್ನುವ ಅರ್ಥದಿಂದ ಊಟ ಬಿಡುವ ನೇಮಕ್ಕೆ ಪದ ಬಂದು ಕೂತಿತು. ಈ ಪದವನ್ನು ಸ್ಲಾವ್ ಜನರೂ ತೆಗೆದುಕೊಂಡರು. ರಷ್ಯನ್ನರು ಇವತ್ತಿಗೂ ಉಪವಾಸಕ್ಕೆ 'ಪೋಸ್ಟ್' ಅನ್ನುತ್ತಾರೆ. ಅಂಚೆಗೂ ಇದಕ್ಕೂ ಸಂಬಂಧ ಇಲ್ಲ.

ಗಮನಿಸಿ, ಫಾಸ್ಟ್‌ನಲ್ಲಿ ಊಟದ ಸುದ್ದಿ ಎಲ್ಲೂ ಇಲ್ಲ. ನಮ್ಮ 'ಉಪವಾಸ'ದಲ್ಲೂ ಇಲ್ಲ. ಉಪ ಅಂದರೆ ಹತ್ತಿರ, ವಾಸ ಅಂದರೆ ಇರುವುದು. ಎರಡೂ ಕಡೆ ದೊಡ್ಡವರು ಹೊಟ್ಟೆಯ ಮಾತು ಎತ್ತದೆ ಗೌರವದಿಂದ ಹೆಸರಿಟ್ಟಿದ್ದಾರೆ. ಅಚ್ಚಗನ್ನಡ ಅಷ್ಟು ಸಂಕೋಚದ್ದಲ್ಲ. 'ಒಪ್ಪೊತ್ತು' ಅಂತ ಎಷ್ಟು ಹೊತ್ತು ಉಣ್ಣುತ್ತೇವೆ ಅನ್ನುವುದನ್ನು ನೇರವಾಗಿ ಹೇಳಿಬಿಡುತ್ತದೆ.

ಆದರೆ ಫಾಸ್ಟ್‌ನ ನಿಜವಾದ ಜೋಡಿ ನನಗೆ ಸಿಕ್ಕಿದ್ದು ಬೇರೆ ಕಡೆ. ಪಥ್ಯ ಮಾಡುವವರು "ಬಾಯಿ ಕಟ್ಟಬೇಕು" ಅನ್ನುತ್ತಾರೆ. ಕಷ್ಟದಲ್ಲಿ ಮಕ್ಕಳನ್ನು ಬೆಳೆಸಿದವರ ಬಗ್ಗೆ "ಹೊಟ್ಟೆ ಬಾಯಿ ಕಟ್ಟಿ ಓದಿಸಿದರು" ಅನ್ನುತ್ತೇವೆ. ನಮ್ಮ ಕಡೆಯ ಎಷ್ಟೋ ಮನೆಗಳ ಒಂದು ತಲೆಮಾರಿನ ಚರಿತ್ರೆ ಈ ನಾಲ್ಕು ಪದಗಳಲ್ಲಿ ಇದೆ. ಸಂಜೆ ಎಲ್ಲರಿಗೂ ಬಡಿಸಿ, "ನಂಗೆ ಹಸಿವಿಲ್ಲ" ಅಂದು ಮಜ್ಜಿಗೆ ಕುಡಿದು ಏಳುತ್ತಿದ್ದ ಅಮ್ಮಂದಿರ ಚರಿತ್ರೆ. ಅದು ಏಕಾದಶಿಯೂ ಅಲ್ಲ, ಶಿವರಾತ್ರಿಯೂ ಅಲ್ಲ. ಪಂಚಾಂಗದಲ್ಲಿ ಇಲ್ಲದ ಉಪವಾಸ. ಅಲ್ಲಿ ಹಗ್ಗ ಕಾಣುವುದಿಲ್ಲ, ಗಂಟು ಕಾಣುವುದಿಲ್ಲ, ಆದರೆ ಕಟ್ಟಿದ್ದು ನಿಜ. ಗೋಥಿಕ್ ಬೈಬಲ್ಲಿನ ಅನುವಾದಕನಿಗೆ ಈ ಕನ್ನಡ ಕೇಳಿಸಿದ್ದರೆ ಬೇಗ ಅರ್ಥವಾಗುತ್ತಿತ್ತು ಅನ್ನಿಸುತ್ತದೆ.

ಉಪವಾಸ ಮುರಿಯುವುದೇ ಬ್ರೇಕ್‌ಫಾಸ್ಟ್ ಅನ್ನುವುದು ಎಲ್ಲರಿಗೂ ಗೊತ್ತು. ಈ ಜೋಡಿ ಪದ ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ. ಫ್ರೆಂಚರ 'ದೇಜುನೆ'ಯೂ ಉಪವಾಸ ಮುರಿಯುವುದೇ. ಅದೇ ಲ್ಯಾಟಿನ್ ಪದದಿಂದ ಇಂಗ್ಲಿಷಿನ 'ಡಿನ್ನರ್' ಕೂಡ ಹುಟ್ಟಿದೆ. ಹಾಗಾಗಿ ರಾತ್ರಿ ಡಿನ್ನರಿಗೆ ಕರೆಯುವವರು ಒಂದು ಲೆಕ್ಕದಲ್ಲಿ ತಿಂಡಿಗೆ ಕರೆಯುತ್ತಿದ್ದಾರೆ. ನಮ್ಮ ಹುಬ್ಬಳ್ಳಿ, ಕಲಬುರಗಿ ಕಡೆಯ 'ನಾಷ್ಟಾ' ಇದೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ. ಪಾರ್ಸಿಯಲ್ಲಿ ನಾಷ್ಟಾ ಅಂದರೆ ಬರಿಹೊಟ್ಟೆ, ಬೆಳಗಿನಿಂದ ಏನೂ ತಿಂದಿಲ್ಲ ಅಂತ. ಇರಾನಿನ ಲ್ಯಾಬುಗಳಲ್ಲಿ ರಕ್ತ ಕೊಡಲು 'ನಾಷ್ಟಾ' ಬರಬೇಕು. ನಮ್ಮಲ್ಲಿ ಹಾಗೆ ಹೇಳಿದರೆ ಜನ ಸುಸಲಾ, ಮಿರ್ಚಿ ಮುಗಿಸಿಕೊಂಡು ಬರುತ್ತಾರೆ.

ಗೋಬಿ ಮಂಚೂರಿ ಗಾಡಿಯ ಮೇಲೆ ಬರೆದಿರುವ 'ಫಾಸ್ಟ್ ಫುಡ್' ಅನ್ನುವುದಕ್ಕೆ ಉಪವಾಸದ ಊಟ ಅಂತಲೂ ಅರ್ಥ ಮಾಡಬಹುದು. ಮಾಡಿದರೆ ಸಾಬುದಾನಿ ಖಿಚಡಿ ಮಾರುವವರಿಗೆ ನ್ಯಾಯ ಸಿಕ್ಕೀತು.

ಜರ್ಮನ್ ಕಲಿಯುವವರಿಗೆ ಇನ್ನೊಂದು ಉಪದ್ರವ ಕಾದಿರುತ್ತದೆ. ಅಲ್ಲಿ ಗಟ್ಟಿ ಅನ್ನುವುದಕ್ಕೆ 'ಫೆಸ್ಟ್'. ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಅವರು 'ಫೆಸ್ಟ್‌ಪ್ಲಾಟೆ' ಅನ್ನುತ್ತಾರೆ. ಅದೇ ಬುಡದ 'ಫಾಸ್ಟ್' ಅವರಲ್ಲೂ ಇದೆ, ಆದರೆ ಅರ್ಥ 'ಹೆಚ್ಚೂಕಮ್ಮಿ, ಇನ್ನೇನು'. ಕೆಲಸ ಫಾಸ್ಟ್ ಮುಗಿಯಿತು ಅಂದರೆ ಮುಗಿದಿಲ್ಲ, ಇನ್ನೇನು ಮುಗಿಯುತ್ತದೆ. ಬೆಂಗಳೂರಿನಲ್ಲಿ ಜರ್ಮನ್ ಕಂಪನಿಗಳ ಜೊತೆ ಕೆಲಸ ಮಾಡುವವರು ಇದನ್ನು ಚೆನ್ನಾಗಿ ಬಳಸಿಕೊಳ್ಳಬಹುದು.

ಬಟ್ಟೆ ಅಂಗಡಿಯ ಫಾಸ್ಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ಫಾಸ್ಟ್ ಕಲರ್ ಮೇಡಂ, ಗ್ಯಾರಂಟಿ" ಅನ್ನುವ ಮಾತನ್ನು ಕೇಳದೆ ಸೀರೆ ಕೊಂಡವರು ಯಾರಿದ್ದಾರೆ? ಇದು ಹೋಲ್ಡ್ ಫಾಸ್ಟಿನ ಫಾಸ್ಟೇ. ಬಣ್ಣ ನೂಲನ್ನು ಗಟ್ಟಿಯಾಗಿ ಹಿಡಿದಿದೆ ಅಂತ. ಕನ್ನಡದಲ್ಲಿ ಇದರ ವಿರುದ್ಧದ ಮಾತು ಇನ್ನೂ ಚೆಂದ, "ಬಣ್ಣ ಬಿಡುತ್ತೆ". ಹಿಡಿದದ್ದನ್ನು ತಾನೇ ಬಿಡುವುದು? ದೊಡ್ಡಮ್ಮ ಅಂಗಡಿಯವರ ಮಾತನ್ನು ನಂಬುತ್ತಿರಲಿಲ್ಲ. ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಸೆರಗಿನ ಒಳಬದಿಗೆ ಉಜ್ಜುತ್ತಿದ್ದರು. ಬಿಳಿ ಬಟ್ಟೆಗೆ ಕೆಂಪು ಹತ್ತಿದರೆ ಸೀರೆ ವಾಪಸ್. ಜವಳಿ ಪ್ರಯೋಗಾಲಯಗಳಲ್ಲಿ ಮಾಡುವುದೂ ಇದನ್ನೇ. ಬಿಳಿ ಬಟ್ಟೆಯ ತುಂಡನ್ನು ಒಣಗಿದ್ದಾಗ ಒಮ್ಮೆ, ಒದ್ದೆ ಮಾಡಿ ಒಮ್ಮೆ ಯಂತ್ರದಲ್ಲಿ ಉಜ್ಜಿ, ಎಷ್ಟು ಬಣ್ಣ ಹತ್ತಿತು ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಬಂದರೆ ಪೂರ್ತಿ ಗಟ್ಟಿ. ಬಿಸಿಲಿಗೆ ಮಾಸುವುದನ್ನು ನೋಡಲು ಬೇರೆ ಅಳತೆ ಇದೆ, ಅದು 8ರವರೆಗೆ ಹೋಗುತ್ತದೆ.

ಹತ್ತಿಗೆ ಬಣ್ಣ ಹಿಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಹಿಂದಿನವರು ಪಟಿಕದಂಥ ವಸ್ತುವನ್ನು ನಡುವೆ ತಂದು, ಅದು ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿಯುವ ಹಾಗೆ ಮಾಡುತ್ತಿದ್ದರು. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ 'ಪ್ರೋಸಿಯಾನ್' ಎಂಬ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಇವು ನೂಲಿಗೆ ಬರೀ ಮೆತ್ತಿಕೊಳ್ಳುವುದಿಲ್ಲ, ಹತ್ತಿಯ ಅಣುವಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಬಣ್ಣ ಹಾಕುವವರು ತೊಟ್ಟಿಗೆ ಉಪ್ಪು ಹಾಕುವುದು ಬಣ್ಣ ನೀರನ್ನು ಬಿಟ್ಟು ನೂಲಿನ ಕಡೆ ಹೋಗಲಿ ಅಂತ. ಬೆಸುಗೆ ಬೀಳುವುದು ಆಮೇಲೆ ಹಾಕುವ ಸೋಡಾದಿಂದ. ಹೊಸ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸುವ ನಮ್ಮ ಮನೆಗಳ ಪದ್ಧತಿ ಇಂಥ ಬಣ್ಣಗಳಿಗೆ ಹೆಚ್ಚೇನೂ ಮಾಡುವುದಿಲ್ಲ. ಕಾರ್ಖಾನೆಯಲ್ಲಿ ಹಿಡಿಯದ ಬಣ್ಣ ಮನೆಯ ಬಕೆಟ್ಟಿನಲ್ಲಿ ಹಿಡಿಯಲಿಕ್ಕಿಲ್ಲ. ಇದನ್ನು ದೊಡ್ಡಮ್ಮನ ಎದುರು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅದು ಬೇರೆ.

ಇಷ್ಟೆಲ್ಲ ಗಟ್ಟಿತನದ ಮಾತಿನ ನಡುವೆ ಫಾಸ್ಟ್ ಹೆಸರಿನ ಒಂದು ಮೋಸದಾಟವೂ ಇತ್ತು. 16ನೇ ಶತಮಾನದ ಇಂಗ್ಲೆಂಡಿನ ಜಾತ್ರೆಗಳಲ್ಲಿ ಆಡಿಸುತ್ತಿದ್ದ 'ಫಾಸ್ಟ್ ಅಂಡ್ ಲೂಸ್'. ಆಡಿಸುವವನು ಒಂದು ಚರ್ಮದ ಬೆಲ್ಟನ್ನು ಮಡಿಕೆ ಮಡಿಕೆಯಾಗಿ ಸುತ್ತಿ ಮೇಜಿನ ಮೇಲೆ ಅಂಚಿನ ಮೇಲೆ ನಿಲ್ಲಿಸುತ್ತಾನೆ. ನಡುವೆ ಒಂದು ಮಡಿಕೆ ಬೆಲ್ಟಿನ ನಟ್ಟನಡುವಿನದ್ದು ಅನ್ನುವ ಹಾಗೆ ಕಾಣುತ್ತದೆ. ಹಣ ಕಟ್ಟಿದವನು ಆ ಮಡಿಕೆಯೊಳಗೆ ಒಂದು ಕಡ್ಡಿ ಚುಚ್ಚಬೇಕು. ಎಳೆದಾಗ ಬೆಲ್ಟು ಕಡ್ಡಿಗೆ ಸಿಕ್ಕಿಕೊಂಡರೆ ಫಾಸ್ಟ್, ಅವನು ಗೆದ್ದ. ಬಿಚ್ಚಿಕೊಂಡು ಬಂದರೆ ಲೂಸ್, ಸೋತ. ಆಡಿಸುವವನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯುತ್ತಾನೆ. ಬೆಲ್ಟು ಸರ್ರನೆ ಬಿಚ್ಚಿಕೊಂಡು ಬರುತ್ತದೆ. ಪ್ರತಿ ಸಲ. ನಮ್ಮ ಜಾತ್ರೆಗಳ ಮೂರೆಲೆ ಆಟ ನೋಡಿದವರಿಗೆ ಆ ಸುತ್ತ ನಿಂತ ಮುಖಗಳು ಕಣ್ಣಿಗೆ ಬಂದಾವು. ಷೇಕ್ಸ್‌ಪಿಯರನ ಆಂಟನಿ, ಕ್ಲಿಯೋಪಾತ್ರ ತನಗೆ ಮೋಸ ಮಾಡಿದಳು ಅಂತ ಹಲುಬುವಾಗ ನೆನೆಸಿಕೊಳ್ಳುವುದು ಈ ಆಟವನ್ನೇ. ಇವತ್ತಿಗೂ ಮಾತಿಗೆ ನಿಲ್ಲದ ಆಸಾಮಿಯನ್ನು 'ಫಾಸ್ಟ್ ಅಂಡ್ ಲೂಸ್ ಆಡುತ್ತಾನೆ' ಅನ್ನುತ್ತಾರೆ.

ಆ ಜೋಡಿ ಪದ ನಮ್ಮ ಹೆದ್ದಾರಿಗೂ ಬಂತು. ಯಾರೂ ಬೇಕಂತ ತಂದದ್ದಲ್ಲ. ಟೋಲ್ ಕಟ್ಟಲು ಕಾರಿನ ಮುಂದಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ 2014ರಲ್ಲಿ ಶುರುವಾಯಿತು. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ಕಡ್ಡಾಯವಾಯಿತು, ಇಲ್ಲದವರಿಗೆ ಆಗ ಎರಡರಷ್ಟು ಶುಲ್ಕ ಇತ್ತು. ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ವೇಗದ ಫಾಸ್ಟ್. ಆದರೆ ಅದು ಕೆಲಸ ಮಾಡಬೇಕಾದರೆ ಹಳೆಯ ಅರ್ಥದಲ್ಲೂ ಫಾಸ್ಟ್ ಆಗಿರಬೇಕು, ಗಾಜಿಗೆ ಗಟ್ಟಿಯಾಗಿ ಅಂಟಿರಬೇಕು. ನಮ್ಮ ಜನ ಅಂಟಿಸದೆ ಡ್ಯಾಶ್‌ಬೋರ್ಡಿನೊಳಗೆ ಇಟ್ಟುಕೊಂಡರು. ಟೋಲ್ ಬಂದಾಗ ಕೈಯಲ್ಲಿ ಹಿಡಿದು ಗಾಜಿನ ಹತ್ತಿರ ತೋರಿಸಿದರು. 2025ರ ಜುಲೈನಲ್ಲಿ ಹೆದ್ದಾರಿ ಪ್ರಾಧಿಕಾರ ಇಂಥವನ್ನು ಕಪ್ಪುಪಟ್ಟಿಗೆ ಸೇರಿಸುತ್ತೇವೆ ಅಂತ ಪ್ರಕಟಣೆ ಹೊರಡಿಸಿತು. ಪ್ರಕಟಣೆಯಲ್ಲಿ ಅವಕ್ಕೆ ಕೊಟ್ಟ ಹೆಸರು 'ಲೂಸ್ ಫಾಸ್ಟ್ಯಾಗ್'.

ನಮ್ಮ ಕಾರಿನದ್ದು ಅಂಟಿಸಿಯೇ ಇದೆ. ಅಂಟು ಎಷ್ಟು ಗಟ್ಟಿ ಅಂದರೆ ಗಾಜು ಒಡೆದರೂ ಟ್ಯಾಗ್ ಉಳಿಯುತ್ತದೆ ಅನ್ನಿಸುತ್ತದೆ. ಆದರೂ ಕೆಲವು ಸಲ ಗೇಟು ಏಳುವುದಿಲ್ಲ. ಬೂತಿನ ಹುಡುಗ ಕೋಲಿನ ತುದಿಗೆ ಕಟ್ಟಿದ ಯಂತ್ರ ಹಿಡಿದು ಬರುತ್ತಾನೆ, "ಸ್ವಲ್ಪ ಹಿಂದೆ ತಗೊಳ್ಳಿ ಸಾರ್" ಅನ್ನುತ್ತಾನೆ. ಹಿಂದೆ ತಗೊಳ್ಳಲು ಜಾಗ ಇರುವುದಿಲ್ಲ. ಹಿಂದಿನ ಲಾರಿಯವನ ಹಾರ್ನ್ ಮಾತ್ರ ಜೋರಾಗಿರುತ್ತದೆ.